ಬೆರಳು ಕೊಟ್ಟ ಅಂಕಗಳು

ಬೈಕಿನ ಹ್ಯಾಂಡಲ್ ಎಷ್ಟು ನಡುಗುತ್ತದೆ ಎಂದು ಹೇಳುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ರಾಮನಗರದಲ್ಲಿ ಯಾರೂ ನಂಬುತ್ತಿರಲಿಲ್ಲ. ಆಫ್ತಾಬನಿಗೆ ಹನ್ನೊಂದು ವರ್ಷದಿಂದ ಕೊಡುತ್ತಿದ್ದರು. ಬಿಡದಿ ಹತ್ತಿರದ ಒಂದು ಟೆಸ್ಟಿಂಗ್ ಕಂಪನಿ. ಹೊಸ ಎಂಜಿನ್ ಕೂರಿಸಿದ ಬೈಕು ಹತ್ತಿ ಮಾಗಡಿ, ಕುದೂರು ಸುತ್ತಿ ಬರಬೇಕು. ಬಂದು ಹಾಳೆಯ ಮೇಲೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ನಡುಕ ಕಡಿಮೆಯಾದಷ್ಟೂ ಅಂಕ ಜಾಸ್ತಿ. ಹ್ಯಾಂಡಲಿಗೆ ಸೆನ್ಸರ್ ಅಂಟಿಸಿರುತ್ತಾರೆ, ನಿಜ. ಆದರೆ ಅದಕ್ಕೆ ನಡುಕದ ಅಳತೆ ಗೊತ್ತೇ ಹೊರತು ಕೈಗಾಗುವ ಹಿಂಸೆ ಗೊತ್ತಿಲ್ಲ. ರೇಷ್ಮೆ ಬಿಚ್ಚುವವರ ಮನೆಯಲ್ಲಿ ಹುಟ್ಟಿ, ಕಣ್ಣಿಗೆ ಕಾಣದ ಎಳೆಯನ್ನು ಬೆರಳಲ್ಲೇ ಪತ್ತೆಹಚ್ಚುತ್ತಿದ್ದ ಆಫ್ತಾಬನಂಥ ಕೈ ಎಲ್ಲಿ ಸಿಕ್ಕೀತು? ಎಂಜಿನಿಯರ್ ಪದ್ಮಶ್ರೀ ಅವನ ಅಂಕ ನೋಡದೆ ಒಂದು ರಿಪೋರ್ಟಿಗೂ ಸಹಿ ಹಾಕುತ್ತಿರಲಿಲ್ಲ.

ಚಳಿಗಾಲದ ಬೆಳಿಗ್ಗೆ ಅವನ ಬೆರಳು ಸುಣ್ಣದಂತೆ ಬೆಳ್ಳಗಾಗುತ್ತಿದ್ದವು. ಜೊತೆಯ ಸವಾರ ನೀಲಕಂಠ ನಕ್ಕುಬಿಟ್ಟಿದ್ದ.

"ಚಳಿ ಕಣ್ಲಾ, ಒಸಿ ಉಜ್ಕೊ, ಸರಿಹೋಯ್ತದೆ."

ಉಜ್ಜಿಕೊಂಡರೆ ಮತ್ತೆ ಕೆಂಪಾಗುತ್ತಿದ್ದವು. ಕೆಂಪಾದ ಮೇಲೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಹೋದ ಭಾನುವಾರ ತಾಯಿ ಸಾಬಿರಾಗೆ ಸೊಂಟ ಹಿಡಿದುಕೊಂಡಿತು. ರೇಷ್ಮೆಗೂಡು ಬೆಂದು ಬೇಸಿನ್ನಿನಲ್ಲಿ ತೇಲುತ್ತಿತ್ತು, ಬಿಟ್ಟರೆ ಕೆಡುತ್ತದೆ. ಆಫ್ತಾಬ್ ತಾನೇ ಕೂತ. ಒಂದು ಗೂಡು ಹಿಡಿದ, ಎಳೆಯ ತುದಿ ಸಿಗಲಿಲ್ಲ. ಇನ್ನೊಂದು ಹಿಡಿದ, ಅದರದ್ದೂ ಸಿಗಲಿಲ್ಲ. ಅಭ್ಯಾಸ ತಪ್ಪಿದೆ ಎಂದುಕೊಂಡು ನೀರೊಳಗೇ ಕೈಯಿಟ್ಟು ತಡಕಾಡಿದ. ಸಾಬಿರಾ ಮಲಗಿದ್ದಲ್ಲಿಂದಲೇ ಚೀರಿದಳು.

"ಯಾ ಅಲ್ಲಾ! ಕೈ ತೆಗಿ ಬೇಟಾ! ಅದಕ್ಕಿನ್ನೂ ತಣ್ಣೀರೇ ಬೆರೆಸಿಲ್ಲ!"

ತೆಗೆದು ನೋಡಿದರೆ ಬೆರಳ ತುದಿಗಳಲ್ಲಿ ಬೊಬ್ಬೆ. ನೋವು ಮಾತ್ರ ಇಲ್ಲ. ಹ್ಯಾಂಡಲಿನ ನಡುಕ ಬೆರಳನ್ನು ಮರಗಟ್ಟಿಸಿಬಿಟ್ಟಿತ್ತು.

ಹೋದ ತಿಂಗಳ ಬೈಕು ನೆನಪಾಯಿತು. ಅರವತ್ತರ ವೇಗದಲ್ಲಿ ಸೆನ್ಸರ್ ಹುಚ್ಚಾಪಟ್ಟೆ ನಡುಕ ತೋರಿಸಿತ್ತು. ಇವನು ಎಂಟು ಅಂಕ ಹಾಕಿದ್ದ. "ನಿಮ್ಮ ಕೈ ಸುಳ್ಳು ಹೇಳಲ್ಲ ಭಾಯ್, ಸೆನ್ಸರೇ ಸಡಿಲ ಆಗಿರ್ಬೇಕು" ಎಂದು ಪದ್ಮಶ್ರೀ ಆ ಹ್ಯಾಂಡಲನ್ನು ಪಾಸು ಮಾಡಿದ್ದಳು. ನಾಳೆ ಅಂಥ ಬೈಕು ಸಾವಿರಗಟ್ಟಲೆ ರಸ್ತೆಗಿಳಿಯುತ್ತವೆ. ಅಕ್ಕೂರಿನಿಂದ ದಿನಾ ಬೈಕಿನಲ್ಲಿ ಹಾಲು ಹೊರುವವನ ಕೈಗೂ ಇದೇ ಗತಿ. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಈ ಬೆರಳು ನಂಬಿಕೊಂಡು ರೇಷ್ಮೆಗೂ ಮರಳುವಂತಿಲ್ಲ. ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ಹನ್ನೊಂದು ವರ್ಷ ನಡುಗಿಸಿಯೇ ಕೆಲಸ ತೆಗೆದುಕೊಂಡವರಲ್ಲಿ ಒಬ್ಬರಾದರೂ ಅವನ ಕೈಯನ್ನು ಪರೀಕ್ಷೆ ಮಾಡಿಸಿದ್ದರೇ?

ಮಂಗಳವಾರ ಕೈಗೆ ಬಟ್ಟೆ ಸುತ್ತಿಕೊಂಡೇ ಹೋಗಿ ಪದ್ಮಶ್ರೀಯ ಮೇಜಿನ ಮುಂದೆ ನಿಂತ.

"ಮೇಡಂ, ಆ ಎಂಟು ಸುಳ್ಳು. ನನ್ ಕೈಗೆ ಏನೂ ತಿಳೀಲಿಲ್ಲ. ತಿಳೀದೆ ಇದ್ದಿದ್ನ ನಡುಕಾನೇ ಇಲ್ಲ ಅಂದ್ಕೊಂಬುಟ್ಟೆ."

ಪದ್ಮಶ್ರೀ ಬಯ್ಯಲಿಲ್ಲ. ಫೋನು ಮಾಡಿ ಆ ಹ್ಯಾಂಡಲಿನ ತಯಾರಿ ನಿಲ್ಲಿಸಲು ಹೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಯಾವಾಗಿಂದ ಭಾಯ್?"

"ಗೊತ್ತಿಲ್ಲ ಮೇಡಂ."

ಅವಳು ಹಳೆಯ ಹಾಳೆಗಳ ಫೈಲು ತಂದು ಅವನ ಮುಂದಿಟ್ಟಳು.

"ನಿಮಗೆ ನಿಜವಾಗಿ ತಿಳೀತಿದ್ದದ್ದು ಎಲ್ಲೀ ತನಕ ಅಂತ ಒಂದು ಗೆರೆ ಹಾಕಿ. ಅಲ್ಲಿಂದ ಈಚೆಗಿನದೆಲ್ಲಾ ಮತ್ತೆ ಟೆಸ್ಟ್ ಮಾಡ್ಬೇಕು."

ಆಫ್ತಾಬ್ ಹಿಂದಕ್ಕೆ ಮಗುಚುತ್ತಾ ಹೋದ. ಎಂಟು, ಎಂಟು, ಏಳು, ಏಳು. ಬೈಕುಗಳು ವರ್ಷ ವರ್ಷ ಸುಧಾರಿಸುತ್ತಿವೆ ಎಂದು ಕಂಪನಿಯಲ್ಲಿ ಸಿಹಿ ಹಂಚಿದ್ದರು, ಇವನೂ ತಿಂದಿದ್ದ. ನಾಲ್ಕು ವರ್ಷದ ಹಿಂದಿನ ಒಂದು ಹಾಳೆಗೆ ಬಂದು ಕೈ ನಿಂತಿತು. ಆ ತಾರೀಖಿನ ಮಾರನೇ ದಿನವೇ ಮಗಳು ಜಾರಾ ಹುಟ್ಟಿದ್ದು. ನರ್ಸು ಕೂಸನ್ನು ಅವನ ಕೈಗೆ ಕೊಟ್ಟಾಗ ಎಲ್ಲರೂ, ಕೆನ್ನೆ ಎಷ್ಟು ಮೆತ್ತಗಿದೆ ನೋಡು ಎಂದಿದ್ದರು. ಅವನೂ ಮುಟ್ಟಿ ಹೌದು ಎಂದಿದ್ದ. ಅದು ಬೆರಳಿಗೆ ತಿಳಿದು ಹೇಳಿದ್ದೋ, ಅವರು ಹೇಳಿದರೆಂದು ಹೇಳಿದ್ದೋ? ಎಷ್ಟು ನೆನೆಸಿಕೊಂಡರೂ ಮೆತ್ತಗಿನ ನೆನಪು ಬರಲಿಲ್ಲ. ಗೆರೆಯನ್ನು ಆ ಹಾಳೆಯ ಹಿಂದೆ ಹಾಕಬೇಕೋ ಮುಂದೆ ಹಾಕಬೇಕೋ ತಿಳಿಯದೆ, ಆಫ್ತಾಬ್ ಪದ್ಮಶ್ರೀಯ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತ.