ಆರು ತಂತಿ, ಅರ್ಧ ಮನೆ ಕೆಳಗೆ

ಆ ಗಿಟಾರ್ ಈಗಲೂ ನಮ್ಮ ಹಾಲ್‌ನಲ್ಲಿ, ಟೀವಿ ಪಕ್ಕದ ಸ್ಟ್ಯಾಂಡ್ ಮೇಲೆ ನಿಂತಿದೆ. ಇದನ್ನು ಬರೆಯುವಾಗ ಅದಕ್ಕೆ ಬೆನ್ನು ಹಾಕಿ ಕೂತಿಲ್ಲ. ಹಾಗೆ ಕೂರುವುದನ್ನು ಬಿಟ್ಟು ಬಹಳ ದಿನವಾಯಿತು...

ನಾನು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವವನು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪಕ್ಕಕ್ಕೆ ಎತ್ತಿಡುವುದೇ ನನ್ನ ಕೆಲಸ. ಮನೆಯಲ್ಲೂ ಅದೇ ಚಾಳಿ ಅಂತ ಹೆಂಡತಿ ರೂಪಾ ರೇಗಿಸುತ್ತಾಳೆ. ದೆವ್ವದ ಕತೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಅಂಥವನ ಮನೆಯಲ್ಲೇ ಇದು ನಡೆಯಿತು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಉಪ್ಪುಖಾರ ಸೇರಿಸುವುದಿಲ್ಲ.

ಎಲೆಕ್ಟ್ರಿಕ್ ಗಿಟಾರ್ ಬೇಕು ಅನ್ನುವುದು ನನ್ನ ಕಾಲೇಜು ದಿನಗಳ ಆಸೆ. ಅದರಲ್ಲೂ ಒಳಗೆ ಟೊಳ್ಳಿಲ್ಲದ, ಇಡೀ ಮರದ ತುಂಡಿನಲ್ಲಿ ಮಾಡಿದ್ದು. ಕೆಲಸ, ಮದುವೆ, ಹೊರಮಾವಿನ ಫ್ಲ್ಯಾಟು ಅಂತ ಓಡಾಡುವುದರಲ್ಲಿ ತಲೆಯ ಅರ್ಧ ಕೂದಲು ನೆರೆಯಿತು, ಗಿಟಾರ್ ಮಾತ್ರ ಬರಲಿಲ್ಲ. ಕೊನೆಗೆ ಕಾರ್ಖಾನೆಯ ಗೆಳೆಯ ಪ್ರಕಾಶನೇ ಒಂದು ದಿನ ಹೇಳಿದ. "ಹಲಸೂರಲ್ಲಿ ಒಬ್ರು ಆಂಟಿ ಹತ್ರ ಹಳೇದೊಂದಿದೆ ಗುರು. ಗಂಡ ಬ್ಯಾಂಡಲ್ಲಿ ನುಡಿಸ್ತಿದ್ರಂತೆ, ತೀರ್ಕೊಂಡ್ರು. ಆದ್ರೆ ಎಷ್ಟು ಜನ ಕೇಳಿದ್ರೂ ಕೊಡ್ತಿಲ್ಲ. ಹೋಗಿ ನೋಡು."

ಹೋದೆ. ಬಜಾರ್ ಬೀದಿಯ ಹಿಂದಿನ ಗಲ್ಲಿ, ಕಿರಿದಾದ ಮೆಟ್ಟಿಲು, ಮೇಲೆ ಎರಡು ರೂಮಿನ ಮನೆ. ಗೋಡೆಯ ಮೇಲೆ ಶಿಲುಬೆ, ಅದರ ಕೆಳಗೆ ಸಣ್ಣ ಕೆಂಪು ಬಲ್ಬು. ಬಾಗಿಲು ತೆಗೆದ ಸ್ಟೆಲ್ಲಾ ಆಂಟಿಗೆ ವಯಸ್ಸು ಎಪ್ಪತ್ತರ ಮೇಲಿರಬೇಕು. ಕಣ್ಣಿನ ಕೆಳಗೆ ಕಪ್ಪಗಾಗಿತ್ತು, ವಾರಗಟ್ಟಲೆ ನಿದ್ದೆಗೆಟ್ಟವರ ಮುಖ. ದನಿ ಮಾತ್ರ ದಪ್ಪ, ತಗ್ಗಿನದು. ಒಂದು ಸಲ ಕೇಳಿದರೆ ಮರೆಯುವಂಥದ್ದಲ್ಲ.

"ಬಾ ತಂಬಿ, ಕೂತ್ಕೋ" ಅಂತ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದರು.

ಮುಚ್ಚಳ ತೆಗೆದ ಕೂಡಲೇ ಲವಂಗದ ವಾಸನೆ ಬಂತು. ಘಾಟು ಅನ್ನುವಷ್ಟು. ಅದರ ನಡುವೆ ಗಿಟಾರ್ ಮಲಗಿತ್ತು. ನಡುವೆ ಜೇನಿನ ಬಣ್ಣ, ಅಂಚಿಗೆ ಹೋಗುತ್ತ ಕಪ್ಪು. ತೋಳು ಊರುವ ಕಡೆ ಪಾಲಿಶ್ ಸವೆದು ಮರ ಕಾಣುತ್ತಿತ್ತು. ತೊಡೆಯ ಮೇಲೆ ಇಟ್ಟುಕೊಂಡೆ. ಆ ಭಾರಕ್ಕೇ ನನ್ನ ಮನಸ್ಸು ಸೋತಿತು.

ಆಂಟಿ ನಾನು ನುಡಿಸುವುದನ್ನು ಕೇಳಲೇ ಇಲ್ಲ. ಬೇರೆ ಏನೋ ಕೇಳಿದರು.

"ನಿಮ್ಮನೇಲಿ ಹಾಡೋರು ಯಾರಾದ್ರೂ ಇದಾರಾ?"

"ನನ್ನ ಹೆಂಡ್ತಿ ಹಾಡ್ತಿದ್ಲು ಆಂಟಿ. ತುಂಬಾ ಚೆನ್ನಾಗಿ. ಥೈರಾಯ್ಡ್ ಆಪರೇಷನ್ ಆದ್ಮೇಲೆ ಗಂಟ್ಲು ಮೇಲಕ್ಕೆ ಹೋಗಲ್ಲ. ಬಿಟ್ಬಿಟ್ಟಿದಾಳೆ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು. "ತಗೊಂಡ್ಹೋಗು. ನಮ್ಮನೆಯವ್ರು ಆರು ತಂತೀನೂ ಅರ್ಧ ಸ್ವರ ಇಳ್ಸಿಟ್ಟಿದಾರೆ, ನನ್ ವಾಯ್ಸ್‌ಗೆ. ಅದು ಹಂಗೇ ಇರ್ಲಿ. ಏರಿಸ್ಬೇಡ."

ಆಗಲಿ ಅಂದೆ. ಹಳೆಯ ಗಿಟಾರ್ ಕೊಂಡವನು ಮನೆಗೆ ಬಂದು ಮೊದಲು ಮಾಡುವ ಕೆಲಸವೇ ಹೊಸ ತಂತಿ ಹಾಕಿ ಸರಿಯಾದ ಶ್ರುತಿಗೆ ಏರಿಸುವುದು. ನಾನೂ ಅದನ್ನೇ ಮಾಡಿದೆ.

ಆ ಮೊದಲ ವಾರದ ಖುಷಿ ಏನು ಹೇಳಲಿ. ಕಾರ್ಖಾನೆಯಿಂದ ಬಂದವನೇ ಕೈಕಾಲು ತೊಳೆದು ಅದರ ಮುಂದೆ ಕೂರುತ್ತಿದ್ದೆ. ಸದ್ದು ಹೆಚ್ಚಿಸುವ ಚಿಕ್ಕ ಆ್ಯಂಪ್‌ಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಕಿವಿಯ ತುಂಬ ಗುಡುಗು, ಹೊರಗಿನವರಿಗೆ ಸಣ್ಣಗೆ ಟಿಣ್ ಟಿಣ್ ಅಷ್ಟೇ. "ನಿಮ್ಮ ಮುಖ ನೋಡಿದ್ರೆ ಹಬ್ಬ, ಸದ್ದು ಕೇಳಿದ್ರೆ ಸೊಳ್ಳೆ" ಅಂತ ರೂಪಾ ನಗುತ್ತಿದ್ದಳು. ಅವಳು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುವವಳು. ಆಪರೇಷನ್‌ಗೆ ಮುಂಚೆ ಅವಳಿಲ್ಲದೆ ಅವರ ಸ್ಟಾಫ್ ಕಾಲೋನಿಯಲ್ಲಿ ನವರಾತ್ರಿಯೇ ಇರಲಿಲ್ಲ. ಆಮೇಲೆ ಗೊಂಬೆ ನೋಡಲು ಯಾರಾದರೂ ಕರೆದರೂ ತಲೆನೋವು ಅನ್ನುತ್ತಿದ್ದಳು, ಹಾಡು ಅಂದುಬಿಡುತ್ತಾರೆ ಅನ್ನುವ ಭಯಕ್ಕೆ. ಒಳಗೊಳಗೇ ಅವಳು ಬೇಯುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಅವಳು ಮತ್ತೆ ಹಾಡಲಿ ಅನ್ನುವುದೊಂದೇ ನನ್ನ ಆಸೆಯಾಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ.

ಮೊದಲ ಬೆಳಿಗ್ಗೆ ಗಿಟಾರ್ ಎತ್ತಿಕೊಂಡರೆ ಶ್ರುತಿ ಇಳಿದಿತ್ತು. ಹೊಸ ತಂತಿ ಎಳೆದುಕೊಳ್ಳುತ್ತದೆ, ಸಹಜ. ಏರಿಸಿದೆ. ಮಾರನೇ ಬೆಳಿಗ್ಗೆ ಮತ್ತೆ ಇಳಿದಿತ್ತು. ಮೊಬೈಲಿನಲ್ಲಿ ಶ್ರುತಿ ತೋರಿಸುವ ಟ್ಯೂನರ್ ಹಿಡಿದು ನೋಡಿದೆ. ಆರೂ ತಂತಿ ಅರ್ಧ ಸ್ವರ ಕೆಳಗೆ. ಹಾರ್ಮೋನಿಯಂ ಲೆಕ್ಕದಲ್ಲಿ ಅರ್ಧ ಮನೆ. ಒಂದರಲ್ಲೂ ಚೂರು ಆಚೀಚೆ ಇಲ್ಲ.

ಪ್ರಕಾಶನಿಗೆ ಹೇಳಿದೆ. ಅವನು ಟೀ ಲೋಟ ಕೆಳಗಿಟ್ಟ.

"ಮಗಾ, ತಂತಿ ಇಳಿಯುತ್ತೆ. ಆದ್ರೆ ಒಂದೊಂದೂ ಒಂದೊಂದು ಥರ ಇಳಿಯುತ್ತೆ. ಆರೂ ಒಂದೇ ಅಳತೇಲಿ ಇಳಿಯಲ್ಲ. ಮನೇಲಿ ಯಾರೋ ಕೈ ಆಡಿಸ್ತಿದಾರೆ."

ಮನೆಯಲ್ಲಿ ಇರುವವರೇ ಇಬ್ಬರು. ರೂಪಾಳನ್ನು ಕೇಳಿದ್ದಕ್ಕೆ, "ನಿಮ್ಮ ಗಿಟಾರ್ ಮುಟ್ಟೋಕೆ ನನಗೇನು ಬೇರೆ ಕೆಲಸ ಇಲ್ವಾ?" ಅಂತ ಮುಖ ಗಂಟಿಕ್ಕಿದಳು.

ಆ ರಾತ್ರಿ ನನ್ನ ಕೆಲಸದ ಬುದ್ಧಿ ಉಪಯೋಗಿಸಿದೆ. ತಂತಿ ಬಿಗಿಯುವ ಒಂದೊಂದು ಕೀಲಿಗೂ ಅದರ ಹಿಂದಿನ ಮರಕ್ಕೂ ಸೇರಿಸಿ ಚೂಪಾದ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದೆ. ತಂತಿ ತಾನಾಗಿ ಸಡಿಲವಾದರೆ ಕೀಲಿ ಅಲ್ಲೇ ಇರುತ್ತದೆ, ಗೆರೆಯೂ ಹಾಗೇ ಇರುತ್ತದೆ.

ಬೆಳಿಗ್ಗೆ ಆರೂ ಕೀಲಿಯ ಗೆರೆ ತಪ್ಪಿತ್ತು... ಯಾರೋ ತಿರುಗಿಸಿದ್ದರು. ಗಿಟಾರಿನ ತಲೆಯ ಹತ್ತಿರ ಮೂಗು ತಂದು ಮೂಸಿದೆ. ಲವಂಗ.

ಅದೇ ಬೆಳಿಗ್ಗೆ ಇನ್ನೊಂದು ನಡೆಯಿತು. ಅಡುಗೆಮನೆಯಲ್ಲಿ ಒಗ್ಗರಣೆ ಸದ್ದಿನ ನಡುವೆ ರೂಪಾ ಹಾಡುತ್ತಿದ್ದಳು. ಗುನುಗುವುದಲ್ಲ, ಬಾಯಿಬಿಟ್ಟು ಹಾಡುವುದು. ದನಿ ಒಡೆಯಲಿಲ್ಲ, ನಡುಗಲಿಲ್ಲ. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿ ಅವಳ ಕಣ್ಣು ತುಂಬಿತು.

"ಮೊದಲಿನ ಶ್ರುತಿಗಿಂತ ಅರ್ಧ ಮನೆ ಕೆಳಗಿದೆ ರೀ. ಆದ್ರೆ ಬರ್ತಿದೆ. ನೋಡಿ, ಬರ್ತಿದೆ."

ನಾನೂ ಅತ್ತೆ. ಅರ್ಧ ಮನೆ ಅಂದದ್ದು ಕಿವಿಗೆ ಬಿದ್ದರೂ ಆ ಹೊತ್ತಿನಲ್ಲಿ ತಲೆಗೆ ಹೋಗಲಿಲ್ಲ. ಕೆಲಸಕ್ಕೆ ಹೊರಟು ಬಸ್ಸಿನಲ್ಲಿ ಕೂತಾಗ ಹೋಯಿತು. ಕೆ.ಆರ್. ಪುರದ ಸೇತುವೆ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೆವು. ಆರೂ ತಂತಿ ದಿನಾ ಇಳಿಯುತ್ತಿದ್ದದ್ದೂ ಅಷ್ಟೇ ಅಲ್ಲವಾ.

ಅವತ್ತು ರಾತ್ರಿ ಹೇಗಾದರೂ ನೋಡಿಯೇ ಬಿಡೋಣ ಅಂತ ಹಾಲ್‌ನ ದಿವಾನ್ ಮೇಲೆ ಮಲಗಿದೆ. ಗಿಟಾರ್ ನನ್ನ ಕೈಯಳತೆಯಲ್ಲೇ ಇತ್ತು. ಶ್ರುತಿ ಏರಿಸಿದ್ದೆ. ಆ್ಯಂಪಿನ ವೈರ್ ಕಿತ್ತಿಟ್ಟಿದ್ದೆ. ಫ್ಯಾನ್ ತಿರುಗುತ್ತಿತ್ತು. ಎಷ್ಟೋ ಹೊತ್ತು ಏನೂ ಆಗಲಿಲ್ಲ. ನಿದ್ದೆ ಹತ್ತುವ ಹೊತ್ತಿಗೆ ಕರೆಂಟ್ ಹೋಯಿತು.

ಫ್ಯಾನ್ ನಿಧಾನವಾಗಿ ನಿಂತಿತು. ರೈಲ್ವೆ ಹಳಿ ಕಡೆಯಿಂದ ಗೂಡ್ಸ್ ಗಾಡಿ ಹೋಗುವ ಸದ್ದು ಬಂತು. ಗಾಡಿ ಹೋದಾಗೆಲ್ಲ ಕಿಟಕಿ ಗಾಜು ಅದುರುತ್ತದೆ, ತಂತಿಯೂ ಜುಂ ಅನ್ನುತ್ತದೆ. ಅದು ನನಗೆ ಗೊತ್ತು. ಗಾಡಿ ಹೋಯಿತು. ಗಾಜು ಸುಮ್ಮನಾಯಿತು.

ತಂತಿ ಸುಮ್ಮನಾಗಲಿಲ್ಲ.

ಕಿರ್... ಕಿರ್... ಕೀಲಿಯೊಳಗಿನ ಹಲ್ಲಿನ ಚಕ್ರ ತಿರುಗುವ ಸದ್ದು. ಅದರ ಜೊತೆಗೇ ದಪ್ಪ ತಂತಿಯ ಸ್ವರ ನಿಧಾನವಾಗಿ ಜಾರುತ್ತಿತ್ತು. ಆಮೇಲೆ ಎರಡನೆಯದು. ಮೂರನೆಯದು... ಎಷ್ಟು ನಾಜೂಕಾಗಿ ಅಂದರೆ, ಅಭ್ಯಾಸವಿರುವ ಕೈ ಅಂತ ಕತ್ತಲಲ್ಲೂ ತಿಳಿಯುತ್ತಿತ್ತು. ಲವಂಗದ ಘಾಟು ಮೂಗಿಗೆ ಅಡರಿತು. ಮೊಬೈಲ್ ತಡಕಾಡಿ ಲೈಟ್ ಹಾಕಿದೆ.

ಯಾರೂ ಇರಲಿಲ್ಲ. ಕೀಲಿಗಳು ಅಲುಗಾಡುತ್ತಿರಲಿಲ್ಲ. ತಂತಿಗಳು ಮಾತ್ರ ಸಣ್ಣಗೆ ನಡುಗುತ್ತಿದ್ದವು.

ಆಗ ಬೆಡ್‌ರೂಮಿನಿಂದ ಹಾಡು ಕೇಳಿತು.

ಹೋಗಿ ನೋಡಿದೆ. ರೂಪಾ ಅಂಗಾತ ಮಲಗಿದ್ದಳು. ಕಣ್ಣು ಮುಚ್ಚಿತ್ತು, ಗಾಢ ನಿದ್ದೆ. ಹಾಡು ತಮಿಳಿನದು, ನಾನು ಎಂದೂ ಕೇಳಿರದ ಹಾಡು. ರೂಪಾ ತುಮಕೂರಿನವಳು. ಅವಳ ತಮಿಳು ಅಂದರೆ ಸೊಪ್ಪಿನವರ ಹತ್ತಿರ ಆಡುವ ಎರಡು ಮಾತು, ಅಷ್ಟೇ. ಅವಳ ಒಂದೊಂದು ಸಾಲು ಮುಗಿದಾಗಲೂ ಹಾಲ್‌ನಲ್ಲಿ ತಂತಿ ಉತ್ತರ ಕೊಡುತ್ತಿತ್ತು.

ನನಗೆ ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನನ್ನ ಮನೆ, ನನ್ನ ಹೆಂಡತಿ. ದಡದಡ ವಾಪಸ್ ಬಂದು ಆರೂ ತಂತಿಯ ಮೇಲೆ ಅಂಗೈ ಒತ್ತಿ ಹಿಡಿದೆ. ಅಂಗೈ ಕೆಳಗೆ ತಂತಿ ಒದ್ದಾಡಿ ನಿಂತಿತು. ಒಳಗಿನ ಹಾಡೂ ನಿಂತಿತು.

ಆಮೇಲೆ ಒಳಗಿನಿಂದ ಅವಳು ತಮಿಳಿನಲ್ಲಿ ಮೆಲ್ಲಗೆ ಕೇಳಿದಳು.

"ಏನ್ ನಿರುತ್ತಿಟ್ಟೆ, ವಿಕ್ಟರ್?"

ಯಾಕೆ ನಿಲ್ಲಿಸಿಬಿಟ್ಟೆ ಅಂತ. ವಿಕ್ಟರ್ ಅನ್ನುವವರು ಯಾರೂ ನಮಗೆ ಗೊತ್ತಿರಲಿಲ್ಲ. ನಾನು ಕೈ ತೆಗೆದೆ. ತೆಗೆಯಲೇಬೇಕಾಯಿತು, ಯಾಕೆಂದರೆ ಅವಳು ಅಳುವುದಕ್ಕೆ ಶುರು ಮಾಡಿದ್ದಳು. ಹಾಡು ನಿಂತಲ್ಲಿಂದಲೇ ಮುಂದುವರಿಯಿತು. ಕರೆಂಟ್ ಬರುವವರೆಗೂ ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದೆ.

ಬೆಳಿಗ್ಗೆ ಅವಳಿಗೆ ಏನೂ ನೆನಪಿರಲಿಲ್ಲ. "ಚೆನ್ನಾಗಿ ನಿದ್ದೆ ಬಂತು. ಗಂಟ್ಲು ಒಂಚೂರು ಒಣಗಿದೆ ಅಷ್ಟೇ. ಬಾಯೆಲ್ಲ ಲವಂಗ ಅಗಿದ ಹಾಗಿದೆ, ಯಾಕೋ" ಅಂದಳು.

ಭಾನುವಾರ ಗಿಟಾರ್ ಪೆಟ್ಟಿಗೆಗೆ ಹಾಕಿಕೊಂಡು ಹಲಸೂರಿಗೆ ಹೋದೆ. ಸ್ಟೆಲ್ಲಾ ಆಂಟಿ ಬಾಗಿಲು ತೆಗೆದರು. ಮೊದಲು ಗುರುತೇ ಹತ್ತಲಿಲ್ಲ. ಕಣ್ಣಿನ ಕೆಳಗಿನ ಕಪ್ಪು ಹೋಗಿತ್ತು, ಮುಖ ತುಂಬಿಕೊಂಡಿತ್ತು. ನನ್ನ ಕೈಯಲ್ಲಿದ್ದ ಪೆಟ್ಟಿಗೆ ನೋಡಿದ್ದೇ ತಡ, ಬಾಗಿಲಿಗೆ ಅಡ್ಡ ನಿಂತರು.

"ಒಳಗೆ ತರ್ಬೇಡ ತಂಬಿ."

"ನಿಮ್ಮ ಮನೆಯವರ ಹೆಸರು ವಿಕ್ಟರಾ ಆಂಟಿ?"

ಅವರು ಹೌದು ಅಂತ ತಲೆಯಾಡಿಸಿದರು. ನನಗೆ ಯಾರು ಹೇಳಿದರು ಅಂತ ಕೇಳಲಿಲ್ಲ.

"ದಿನಾ ರಾತ್ರಿ ಊಟ ಆದ್ಮೇಲೆ ಅವ್ರು ನುಡಿಸ್ಬೇಕು, ನಾನು ಹಾಡ್ಬೇಕು. ಮದ್ವೆ ಆದಾಗಿಂದ ಹಂಗೆ. ನನ್ ಗಂಟ್ಲಿಗೆ ಅಂತ ಪೆಟ್ಟಿಗೇಲಿ ಲವಂಗ ಇಟ್ಕೊಂಡಿರೋರು. ಹೋದ್ಮೇಲೂ ಬಿಡ್ಲಿಲ್ಲ ತಂಬಿ. ಎಬ್ಬಿಸೋದು... ಹಾಡ್ಸೋದು... ಒಂದು ವರ್ಷ ನಾನು ಸರಿಯಾಗಿ ಮಲಗ್ಲಿಲ್ಲ. ಈಗ ಮಲಗ್ತಿದೀನಿ."

"ಹಂಗಾದ್ರೆ ನನ್ನ ಹೆಂಡ್ತಿ?"

"ಅವ್ರು ಕೆಟ್ಟವ್ರಲ್ಲ" ಅಂದರು ಆಂಟಿ. "ಹಾಡು ಬೇಕು ಅವ್ರಿಗೆ, ಅಷ್ಟೇ. ಅವಳ್ಗೆ ವಾಯ್ಸ್ ಬಂತಲ್ವಾ?"

ಅವರು ಮೆಲ್ಲಗೆ ಬಾಗಿಲು ಹಾಕಿಕೊಂಡರು.

ಯಾವುದಾದರೂ ಅಂಗಡಿಗೆ ಕೊಟ್ಟುಬಿಡೋಣ ಅಂತ ಅಲ್ಲಿಂದ ಆಟೋ ಹತ್ತಿ ಶಿವಾಜಿನಗರದ ಕಡೆ ಹೊರಟೆ. ಅಷ್ಟರಲ್ಲಿ ರೂಪಾಳ ಫೋನ್ ಬಂತು. ಕಾಲೋನಿಯವರು ನವರಾತ್ರಿಗೆ ಹಾಡಲು ಕರೆದಿದ್ದಾರಂತೆ, ಒಪ್ಪಿಕೊಂಡಳಂತೆ. "ಪಕ್ಕದಲ್ಲಿ ನೀವೂ ಗಿಟಾರ್ ನುಡಿಸ್ಬೇಕು. ಆ ಗಿಟಾರ್ ಬಂದ್ಮೇಲೇ ಅಲ್ವಾ ನನ್ನ ಗಂಟ್ಲು ಸರಿಹೋಗಿದ್ದು?" ಅಂದಳು. ಅವಳು ಹಾಗೆ ಬಾಯ್ತುಂಬ ನಕ್ಕದ್ದನ್ನು ಕೇಳಿ ವರ್ಷಗಳಾಗಿದ್ದವು. ನಾನು ಆಟೋ ತಿರುಗಿಸಿ ಅಂದೆ.

ನವರಾತ್ರಿಯಲ್ಲಿ ಹಾಡಿದಳು. ಗೊಂಬೆಗಳ ಮುಂದೆ ಕೂತ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಅದೇ ಗಿಟಾರ್ ಹಿಡಿದು ನಾನು ಕೂತಿದ್ದೆ. ಅಷ್ಟು ಹೆಮ್ಮೆ, ಅಷ್ಟು ಹೆದರಿಕೆ ಎರಡನ್ನೂ ಒಟ್ಟಿಗೆ ನಾನು ಯಾವತ್ತೂ ಅನುಭವಿಸಿರಲಿಲ್ಲ.

ಈಗ ಶ್ರುತಿ ಏರಿಸುವ ತಂಟೆಗೇ ಹೋಗುವುದಿಲ್ಲ. ಮಲಗುವ ಮುಂಚೆ ಆರೂ ತಂತಿ ಅರ್ಧ ಮನೆ ಕೆಳಗೇ ಇದೆಯಾ ಅಂತ ಒಮ್ಮೆ ನೋಡುತ್ತೇನೆ, ಬೇರೆ ಯಾರೂ ಬಂದು ಇಳಿಸುವ ಕೆಲಸವಿರಬಾರದು ಅಂತ. ರಾತ್ರಿ ಹಾಡು ಕೇಳುತ್ತದೆ. ಗೋಡೆ ಕಡೆ ತಿರುಗಿ ಮಲಗುತ್ತೇನೆ. ಹಗಲು ಅವಳು ಚೆನ್ನಾಗಿದ್ದಾಳೆ, ಖುಷಿಯಾಗಿದ್ದಾಳೆ, ಇಷ್ಟು ಸಾಕಲ್ಲವಾ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಇವತ್ತು ಬೆಳಿಗ್ಗೆ ಸುಮ್ಮನೆ ಟ್ಯೂನರ್ ಹಿಡಿದು ನೋಡಿದೆ. ರಾತ್ರಿ ನೋಡಿದ್ದಕ್ಕಿಂತ ತಂತಿಗಳು ಇನ್ನೂ ಅರ್ಧ ಮನೆ ಇಳಿದಿದ್ದವು. ಆರೂ.

ಹಿಂದಿನಿಂದ ರೂಪಾ ಬಂದು ಕಾಫಿ ಲೋಟ ಚಾಚಿದಳು. "ಇವತ್ತು ಗಂಟ್ಲು ಎಷ್ಟು ಹಗುರವಾಗಿದೆ" ಅಂದಳು. ದಪ್ಪ, ತಗ್ಗಿನ ದನಿ. ಹಲಸೂರಿನ ಆ ಮಹಡಿಯ ಮೇಲೆ ಕೇಳಿದ್ದ ದನಿ. ಅವಳು ನನ್ನ ಮುಖ ನೋಡದೆ ಗಿಟಾರನ್ನೇ ನೋಡುತ್ತಿದ್ದಳು. ಹೌದಾ ಅಂದು ನಾನು ಲೋಟ ತೆಗೆದುಕೊಂಡೆ.