ಮೇಲೆ ಪಿಕಳಾರ, ಕೆಳಗೆ ಕಪ್ಪೆ

ನರಗುಂದದ ನಮ್ಮ ಮನೆಯಲ್ಲಿ ಮೇಲಿನ ಅಂತಸ್ತು ಮೈದುನನ ಹೆಂಡತಿಯಾದ ನನ್ನ ನೆಗೆಣ್ಣಿಯದು, ಕೆಳಗಿನದು ನನ್ನದು. ಅವಳ ಮಲ್ಲಿಗೆ ಬಳ್ಳಿಯಲ್ಲಿ ಪಿಕಳಾರ ಗೂಡು ಕಟ್ಟಿತು. ನನ್ನ ಬಚ್ಚಲಲ್ಲಿ ಕಪ್ಪೆ ಸೇರಿಕೊಂಡಿತು. ಹಕ್ಕಿ ನೋಡಲು ಓಣಿಯ ಹೆಂಗಸರೆಲ್ಲ ಮೆಟ್ಟಿಲು ಹತ್ತುತ್ತಿದ್ದರು. ತಲೆಯ ಕರಿ ಜುಟ್ಟು, ಬಾಲದಡಿಯ ಕೆಂಪು, ಎಲ್ಲ ತೋರಿಸಿ ಅವಳು ಚಹಾ ಕೊಡುತ್ತಿದ್ದಳು. ನನ್ನ ಕಪ್ಪೆಯೇನು ಕಡಿಮೆ? ಬೆರಳ ತುದಿಗೆಲ್ಲ ಗುಂಡನೆಯ ಪುಟ್ಟ ಬಿಲ್ಲೆ. ಹಂಡೆಯ ಹಿಂದೆ ಅಂಟಿ ಕೂತರೆ ಥೇಟ್ ಗೋಡೆಯದೇ ಬಣ್ಣ. "ಅದನ್ನ ಇನ್ನೂ ಹೊರಗ ಹಾಕಿಲ್ಲೇನವಾ?" ಅಂದರು ಅತ್ತೆ, ಅಷ್ಟೇ.

ಹಾಡಿನಲ್ಲೂ ಹಾಗೇ. ಕಾನ್ವೆಂಟಿನಲ್ಲಿ ಪ್ರಾರ್ಥನೆಗೆ ಮುಂದಿನ ಸಾಲಿನಲ್ಲಿ ನಿಂತವಳು ನಾನು. ಆದರೆ ಮನೆಯ ತೊಟ್ಟಿಲಿಗೆಲ್ಲ ಜೋಗುಳ ಹಾಡುವವಳು ಅವಳೇ. ಒಂದು ಸಲವಾದರೂ ನನ್ನನ್ನು ಕರೆಯಲಿ ಎಂದು ಕಾದಿದ್ದೆ.

ಕಳೆದ ಮಳೆಗಾಲ ನಾದಿನಿಯ ಕೂಸಿನ ತೊಟ್ಟಿಲ ಕಾರ್ಯಕ್ಕೆ ಗಜೇಂದ್ರಗಡದಿಂದ ಬೀಗರು ಬಂದರು. ಅಂದೇ ನೆಗೆಣ್ಣಿಯ ಗಂಟಲು ಕಟ್ಟಿತು. "ಅಕ್ಕಾರ, ದನೀನ ಬರವಲ್ದು." ಶುಂಠಿ ಕಷಾಯ ಮಾಡಿಕೊಟ್ಟೆ. ಶುಂಠಿ ಮಾತ್ರ ತುಸು ಕಡಿಮೆ ಹಾಕಿದೆ.

"ಹಂಗಾರ ಹಿರೇ ಸೊಸಿ ಹಾಡಲಿ," ಅಂದರು ಅತ್ತೆ.

ನಾನು ನೆಟ್ಟಗೆ ನಿಂತು, ಕಣ್ಣು ಮುಚ್ಚಿ, ಕೈ ಜೋಡಿಸಿ ಜೋಗುಳ ಶುರು ಮಾಡಿದೆ.

"ಅಯ್ಯ, ಸಾಲ್ಯಾಗ ಪ್ರಾರ್ಥನಾಕ್ಕ ನಿಂತಾಂಗ ನಿಂತಾರಲ್ರಿ! ಮೊದಲ ತೊಟ್ಲಾ ತೂಗ್ರಿ!" ಅಂದರು ಬೀಗತಿ. ಎಲ್ಲರೂ ನಕ್ಕರು. ಅಲುಗದ ತೊಟ್ಟಿಲಲ್ಲಿ ಕೂಸು ಕಿಟಾರನೆ ಚೀರಿತು.

ನೆಗೆಣ್ಣಿ ಪಕ್ಕದಿಂದ ಬಾಗಿ ಹಗ್ಗ ಎಳೆದಳು. ಅರ್ಧ ಅಕ್ಷರ ನುಂಗುತ್ತ, ನಾನು ಬಿಟ್ಟ ಸಾಲನ್ನೇ ಗೊರಗೊರ ಹಾಡಿದಳು. ಕೂಸು ಸುಮ್ಮನಾಗಿ ಅವಳ ಬಾಯನ್ನೇ ನೋಡಿತು.

"ಕಪ್ಪಿ ಒದರಿದಂಗ ಆತು ನೋಡ್ರಿ," ಎಂದು ತಾನೇ ನಕ್ಕಳು.

"ಆಗ್ಲೇಳ, ಕೂಸಿಗೆ ಪಸಂದ್ ಬಿತ್ತಲ್ಲ," ಅಂದರು ಅತ್ತೆ.

ಸಂಜೆ ಬೀಗರು ಹೋದ ಮೇಲೆ ಮಳೆ ಹನಿಯಿತು. ಹಂಡೆಯ ಹಿಂದಿನಿಂದ ಅದೇ ಒಡಕು ದನಿ. ಪಿಕಳಾರದ ದನಿ ಅವಳದೆಂದು ಎಂದೋ ಒಪ್ಪಿಕೊಂಡಿದ್ದೆ. ಕಪ್ಪೆಯದನ್ನೂ ಅವಳೇ ಒಯ್ಯಬೇಕೆ? ತಂಬಿಗೆ ಬೋರಲು ಹಾಕಿ ಹಿಡಿದು ಹಿತ್ತಲಿಗೆ ಬಿಟ್ಟು ಬಂದೆ.

ಮರುದಿನ ಮೇಲಿನಿಂದ ಕೂಗು ಬಂತು. ಗಂಟಲು ಆಗಲೇ ತಿಳಿಯಾಗಿತ್ತು.

"ಅಕ್ಕಾರ, ನಿಮ್ಮ ಕಪ್ಪಿ ಗ್ವಾಡಿ ಹತ್ತಿ ನಮ್ಮ ಮಲ್ಲಿಗಿ ಬಳ್ಳಿಗೆ ಬಂದೈತಿ! ಭಾಳ ಚಂದ ಐತ್ರಿ. ಬರ್ರಿ, ನೋಡಿ ಚಹಾ ಕುಡದು ಹೋಗೀರಂತ."