ಹಾವಣ್ಣನ ಫೋನು

ಬಚ್ಚಲ ಬಾಗಿಲಿಗೆ ಪೊರಕೆ ಬಡಿಯುವ ಸದ್ದು ಕೇಳಿದರೆ ಸಾಕು, ಹಾವು ಹಿಡಿಯಲು ಬಂದ ನಮ್ಮ ಹಾವಣ್ಣ ಗೇಟಿನಿಂದಲೇ ಕೂಗುತ್ತಾನೆ: "ಬಡೀಬೇಡ್ರೋ, ಪಾಪ, ಅವರು ಹೆದರಿಕೊಂಡಿದಾರೆ!" ಸ್ಟೂಲು ಹತ್ತಿ ನಿಂತ ಮನೆಯ ಯಜಮಾನನನ್ನು "ಇಳಿಯೋ ಕೆಳಗೆ" ಎಂದು ಗದರಿಸುವವನು ಹಾವಿಗೆ ಮಾತ್ರ ಬೀಗರಿಗೆ ಕೊಡುವಷ್ಟು ಮರ್ಯಾದೆ ಕೊಡುತ್ತಾನೆ. ಸಿಕ್ಕಿದ್ದು ಕೇರೆಹಾವಾದರೆ ಮುಗಿಯಿತು, ಅದನ್ನು ತೋಳಿಗೆ ಸುತ್ತಿಕೊಂಡೇ ಟೀ ಕೇಳಿ ಕುಡಿದು, ಅರ್ಧ ಗಂಟೆ ಭಾಷಣ ಬಿಗಿಯುತ್ತಾನೆ: "ಇವರಿಗೆ ವಿಷಾನೇ ಇಲ್ಲಮ್ಮ. ನಿಮ್ಮನೆ ಇಲಿ ಹಿಡಿಯೋಕೆ ಬಂದೋರು. ಬಾಗಿಲು ತಟ್ಟಿ ಬರೋದು ಗೊತ್ತಿಲ್ಲ, ಅಷ್ಟೇ." ಆದರೆ ಬಕೆಟ್ಟಿನ ಹಿಂದೆ ನಾಗರಹಾವು ಹೆಡೆಯೆತ್ತಿದ ದಿನ ಭಾಷಣವಿಲ್ಲ, ಟೀಯೂ ಇಲ್ಲ. ಎಲ್ಲರನ್ನೂ ಮೆಲ್ಲಗೆ ಹೊರಗೆ ಕಳಿಸಿ, ಗೋಡೆಗೆ ಮುಖ ಮಾಡಿ ನಿಂತು ಹೆಂಡತಿಗೆ ಫೋನು ಮಾಡುತ್ತಾನೆ. ಬೆಳಗಿನ ಹತ್ತು ಗಂಟೆಯಾಗಿದ್ದರೂ ಕೇಳುವುದು ಒಂದೇ ಮಾತು: "ಊಟ ಆಯ್ತಾ?" ಎಂಥ ಹಾವೆಂದು ಆಕೆಗೆ ಅಷ್ಟರಲ್ಲೇ ತಿಳಿಯುತ್ತದೆ. "ನೀವು ಬಂದ್ಮೇಲೆ," ಎನ್ನುತ್ತಾಳೆ. "ಇವರೂ ಏನೂ ಮಾಡಲ್ಲ ಅಲ್ವೇನಣ್ಣ?" ಎಂದು ಯಜಮಾನ ಬಾಗಿಲಲ್ಲಿ ಇಣುಕಿ ಕೇಳುತ್ತಿರುವಾಗಲೇ, ಹಾವಣ್ಣ, ಆಕೆ ಇನ್ನೂ ಕಿವಿಗೊಟ್ಟಿರುವ ಫೋನನ್ನು ಅವನ ಕೈಯಲ್ಲಿಟ್ಟು, ಚೀಲ ಕೊಡವಿಕೊಂಡು ಬಚ್ಚಲೊಳಗೆ ನಡೆದುಬಿಡುತ್ತಾನೆ.